ನಿಂತಾಗ ಮಾತ್ರ ಹೀಟ್ ಆಗುವ ಲಾರಿ

ಗಾಡಿ ಹೀಟ್ ಆಗ್ತಿದೆ ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ. ಓಡುವಾಗಲೋ, ನಿಂತಾಗಲೋ? ಇದಕ್ಕೆ ಡ್ರೈವರ್ ಸರಿಯಾಗಿ ಉತ್ತರ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಲೋಡ್ ಹೊತ್ತು ಏರು ಹತ್ತುವಾಗ ಟೆಂಪರೇಚರ್ ಗೇಜಿನ ಮುಳ್ಳು ಮೇಲೆ ಹೋದರೆ ಮೊದಲು ನೀರಿನ ಕಡೆ ನೋಡುತ್ತೇನೆ: ಬಿಸಿ ನೋಡಿ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ವಾಲ್ವ್, ಎಂಜಿನ್ ನೀರು ತಣಿಸುವ ರೇಡಿಯೇಟರ್ ಒಳಗೆ ಕಟ್ಟಿದ ತುಕ್ಕು, ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್. ಟೋಲ್‌ನಲ್ಲೋ ಜಾಮ್‌ನಲ್ಲೋ ನಿಂತಾಗ ಏರಿ, ಹೊರಟ ಮೇಲೆ ಇಳಿದರೆ ಗಾಳಿಯ ಕಡೆ. ಓಡುವ ಗಾಡಿಗೆ ಎದುರುಗಾಳಿ ತಾನಾಗಿ ಸಿಗುತ್ತದೆ. ನಿಂತ ಗಾಡಿಗೆ ಗಾಳಿ ಎಳೆದುಕೊಡುವುದು ಫ್ಯಾನ್ ಒಂದೇ.

ಕಳೆದ ಸುಗ್ಗಿ ಸಮಯದಲ್ಲಿ ಹಾಸನದ ನಮ್ಮ ಗ್ಯಾರೇಜಿಗೆ ಅಂಥದ್ದೇ ಒಂದು ಲಾರಿ ಬಂತು. ತಿಪಟೂರು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ತೆಂಗಿನಕಾಯಿ ತುಂಬಿಕೊಂಡು ಶಿರಾಡಿ ಘಾಟ್ ಇಳಿಯುವ ಗಾಡಿ. ಹೆದ್ದಾರಿಯಲ್ಲಿ ಏನೂ ತೊಂದರೆ ಇಲ್ಲ, ಘಾಟ್‌ನಲ್ಲಿ ಜಾಮ್ ಆಗಿ ನಿಂತರೆ ಮುಳ್ಳು ಕೆಂಪಿಗೆ ಹೋಗುತ್ತದೆ ಅಂತ ಡ್ರೈವರ್ ಹೇಳಿದರು. ದಾರಿಯಲ್ಲಿ ಯಾರೋ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕಿದ್ದರು. ಆದರೂ ಹೀಟ್ ನಿಂತಿರಲಿಲ್ಲ.

ಈ ವಾಲ್ವ್ ಕೀಳುವ ಚಾಳಿ ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ನೀರು ರೇಡಿಯೇಟರ್ ಬಿಟ್ಟು ಎಂಜಿನ್‌ಗೇ ತಿರುಗುವ ಬೈಪಾಸ್ ದಾರಿ ಮುಚ್ಚಿ ಎಲ್ಲ ನೀರನ್ನೂ ರೇಡಿಯೇಟರ್‌ಗೆ ಕಳಿಸುವ ಕೆಲಸವನ್ನೂ ಎಷ್ಟೋ ಎಂಜಿನ್‌ಗಳಲ್ಲಿ ಅದೇ ಮಾಡುತ್ತದೆ. ಅದನ್ನು ತೆಗೆದರೆ ಒಂದಷ್ಟು ನೀರು ತಣ್ಣಗಾಗದೆ ಎಂಜಿನ್‌ಗೇ ವಾಪಸ್. ಇನ್ನೊಂದು ಕಡೆ, ಖಾಲಿ ರಸ್ತೆಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಪಿಸ್ಟನ್ ಓಡಾಡುವ ಲೈನರ್ ಬೇಗ ಸವೆಯುತ್ತದೆ. ಮೊದಲು ಹೊಸ ವಾಲ್ವ್ ಹಾಕಿಸಿದೆ.

ಆಮೇಲೆ ಗಾಡಿಯನ್ನು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡಲು ಬಿಟ್ಟು, ದೂರದಿಂದಲೇ ಬಿಸಿ ಅಳೆಯುವ ಟೆಂಪರೇಚರ್ ಗನ್ ಹಿಡಿದು ನಿಂತೆ. ಗೇಜನ್ನು ಸುಮ್ನೆ ನಂಬುವುದಿಲ್ಲ. ಅರ್ತಿಂಗ್ ಸರಿ ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿದರೂ ಮುಳ್ಳು ಅಲ್ಲಾಡುತ್ತದೆ. ಗನ್ ಹಿಡಿಯುವುದನ್ನೂ ನೋಡಿಕೊಂಡು ಹಿಡಿಯಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತಪ್ಪು ತೋರಿಸುತ್ತದೆ, ಕಪ್ಪು ರಬ್ಬರ್ ಹೋಸ್ ಮೇಲೆ ಸರಿಯಾಗಿ ಸಿಗುತ್ತದೆ. ಈ ಗಾಡಿಯಲ್ಲಿ ಬಿಸಿ ಏರುತ್ತಿದ್ದುದು ನಿಜವೇ ಆಗಿತ್ತು. ರೇಡಿಯೇಟರ್‌ನ ಮೇಲಿನ ಹೋಸ್, ಕೆಳಗಿನ ಹೋಸ್ ಎರಡೂ ಹೆಚ್ಚು ಕಡಿಮೆ ಒಂದೇ ಬಿಸಿ. ಅಂದರೆ ನೀರು ಓಡಾಡುತ್ತಿದೆ, ಆದರೆ ಅದರ ಬಿಸಿಯನ್ನು ಗಾಳಿ ಹೊತ್ತೊಯ್ಯುತ್ತಿಲ್ಲ. ಮೇಲಿನದು ಸುಡುತ್ತಾ ಕೆಳಗಿನದು ತೀರಾ ತಣ್ಣಗಿದ್ದಿದ್ದರೆ ವಾಟರ್ ಪಂಪ್, ಬೆಲ್ಟ್ ಕಡೆ ಹೋಗುತ್ತಿದ್ದೆ. ಬರೀ ಬೋರ್‌ವೆಲ್ ನೀರು ತುಂಬಿಸಿ ಓಡಿಸಿದ ಗಾಡಿಗಳಲ್ಲಿ ಪಂಪಿನ ರೆಕ್ಕೆ ತುಕ್ಕು ಹಿಡಿದು ಸವೆದಿರುತ್ತದೆ. ಐಡಲ್ ವೇಗದಲ್ಲಿ ಅದು ನೀರು ತಳ್ಳುವುದೇ ಇಲ್ಲ.

ಕ್ಯಾಬಿನ್ ಎತ್ತಿಸಿದೆ. ಮುಂದಿನಿಂದ ನೋಡಿದರೆ ಟರ್ಬೋದ ಬಿಸಿಗಾಳಿ ತಣಿಸುವ ಇಂಟರ್‌ಕೂಲರ್ ಚೊಕ್ಕಟವಾಗಿತ್ತು. ಮೋಸ ಹೋಗುವುದೇ ಇಲ್ಲಿ. ಇಂಟರ್‌ಕೂಲರ್‌ಗೂ ಅದರ ಹಿಂದಿನ ರೇಡಿಯೇಟರ್‌ಗೂ ನಡುವೆ ಸಂದಿ ಇರುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟಾಗ ಒಳಗೆ ಕಂಬಳಿ ಹೊದಿಸಿದ ಹಾಗೆ ಹೊಟ್ಟು ಕೂತಿತ್ತು. ರಾಗಿ ಹೊಟ್ಟು, ಹುರುಳಿ ಸಿಪ್ಪೆ, ಎಣ್ಣೆ ಜಿಡ್ಡಿನ ಧೂಳು. ಸುಗ್ಗಿಯಲ್ಲಿ ನಮ್ಮ ಕಡೆ ಹಳ್ಳಿ ರಸ್ತೆ ಮೇಲೇ ಒಕ್ಕಣೆಗೆ ಹರಡುತ್ತಾರಲ್ವಾ, ಅದರ ಮೇಲೆ ಓಡಾಡಿದ ಗಾಡಿಗಳಿಗೆ ಇದು ಮಾಮೂಲು. ಬೋಲ್ಟ್ ಬಿಚ್ಚಿ ಇಂಟರ್‌ಕೂಲರನ್ನು ಮುಂದಕ್ಕೆ ಸರಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ ನಿಧಾನವಾಗಿ ನೀರು ಬಿಟ್ಟೆವು. ಮುಂದಿನಿಂದ ಜೋರಾಗಿ ಹೊಡೆದರೆ ಹೊಟ್ಟು ಇನ್ನೂ ಒಳಗೆ ಕೂರುತ್ತದೆ, ತೆಳು ತಗಡಿನ ಫಿನ್‌ಗಳು ಮಡಚಿಕೊಳ್ಳುತ್ತವೆ.

ಬಿಸಿ ಇಳಿಯಿತು. ಆದರೆ ಬಿಸಿಲಲ್ಲಿ ನಿಲ್ಲಿಸಿದರೆ ಮತ್ತೆ ಸ್ವಲ್ಪ ಸ್ವಲ್ಪವೇ ಏರುತ್ತಿತ್ತು. ಹುಡುಗರು ಗಾಡಿ ಕೊಟ್ಟುಬಿಡೋಣ ಎಂದರು. ನಾನು ಒಪ್ಪಲಿಲ್ಲ. ಎಂಜಿನ್ ಬಿಸಿ ಇರುವಾಗಲೇ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು ಫ್ಯಾನನ್ನು ಕೈಯಲ್ಲಿ ತಿರುಗಿಸಿದೆ. ಬಿಸಿಯಲ್ಲಿ ವಿಸ್ಕಸ್ ಫ್ಯಾನ್, ಅಂದರೆ ಎಣ್ಣೆ ತುಂಬಿದ ಕ್ಲಚ್ಚಿನ ಮೂಲಕ ಸುತ್ತುವ ಫ್ಯಾನ್, ಬಿಗಿಯಾಗಿ ತಡೆಯಬೇಕು. ಇದು ಬಿಟ್ಟಮೇಲೂ ಹಗುರಾಗಿ ತಿರುಗುತ್ತಲೇ ಹೋಯಿತು. ಕ್ಲಚ್ಚಿನ ಸುತ್ತ ಎಣ್ಣೆ ಸಿಡಿದು ಧೂಳು ಅಂಟಿದ ಗೆರೆಗಳೂ ಇದ್ದವು. ಒಳಗಿನ ಸಿಲಿಕೋನ್ ಎಣ್ಣೆ ಸೋರಿ ಹೋಗಿದೆ ಅಂತ ಅಲ್ಲೇ ಗೊತ್ತಾಯಿತು. ಆ ಎಣ್ಣೆಯ ಹಿಡಿತದಲ್ಲೇ ಫ್ಯಾನ್ ಎಂಜಿನ್ ಜೊತೆ ಸುತ್ತುವುದು. ಅದಿಲ್ಲದಿದ್ದರೆ ರೆಕ್ಕೆ ಸುತ್ತುವುದು ಕಣ್ಣಿಗೆ ಕಾಣುತ್ತದೆ, ಸಾಕಷ್ಟು ಗಾಳಿ ಮಾತ್ರ ಬರುವುದಿಲ್ಲ. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಶ್ರೌಡ್ ಕೂಡ ಒಂದು ಮೂಲೆಯಲ್ಲಿ ಒಡೆದಿತ್ತು. ಒಡೆದ ಕಡೆಯಿಂದ ಫ್ಯಾನ್ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಎರಡನ್ನೂ ಬದಲಿಸಿದೆವು. ಮಧ್ಯಾಹ್ನದ ಬಿಸಿಲಲ್ಲಿ ಐಡಲ್‌ನಲ್ಲಿ ಬಿಟ್ಟು ಊಟ ಮಾಡಿ ಬಂದರೂ ಮುಳ್ಳು ಜಾಗ ಬಿಟ್ಟಿರಲಿಲ್ಲ.

ಹೊರಡುವ ಮುಂಚೆ ಡ್ರೈವರ್ ಕೇಳಿದ್ದು, ಮತ್ತೆ ಎಲ್ಲಾದರೂ ಜಾಮ್‌ನಲ್ಲಿ ಹೀಟ್ ಆದರೆ ಏನು ಮಾಡಬೇಕು ಅಂತ. ಏಸಿ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಹೀಟರ್ ಇದ್ದರೆ ಫುಲ್ ಇಡಿ, ಸೆಕೆಯಾದರೂ ಪರವಾಗಿಲ್ಲ, ಎಂಜಿನ್ನಿನ ಒಂದಷ್ಟು ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಿ ಹಿಡಿಯಿರಿ, ಪಂಪು ಫ್ಯಾನು ಎರಡೂ ಜೋರಾಗುತ್ತವೆ. ಆದರೂ ಕೆಂಪು ದಾಟಿದರೆ, ಕೂಲೆಂಟ್ ಸೋರಿದರೆ ಆಫ್ ಮಾಡಲೇಬೇಕು. ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ತೆಗೆದ ಕೂಡಲೇ ಕುದ್ದು ಮುಖಕ್ಕೆ ಹಾರುತ್ತದೆ. ಸುಟ್ಟುಕೊಂಡ ಕ್ಲೀನರ್ ಹುಡುಗರನ್ನು ನೋಡಿದ್ದೇನೆ. ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವ ತನಕ ಕಾಯಿರಿ, ಹಿಂದಿನವರು ಎಷ್ಟೇ ಹಾರ್ನ್ ಹೊಡೆದರೂ.