ಕಾದಿಸ್: ಕಡಲಿನ ಕಲ್ಲಿನಲ್ಲಿ ಕಟ್ಟಿದ ನಗರ

ಸ್ಪೇನಿನ ನೈಋತ್ಯ ತುದಿಯಲ್ಲಿರುವ ಕಾದಿಸ್ ನಗರಕ್ಕೆ ಸೆವಿಯಾದಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ ಬರಬಹುದು. ಹೆರೆಸ್‌ನ ದ್ರಾಕ್ಷಿತೋಟಗಳೂ ಸಾನ್ ಫೆರ್ನಾಂಡೋ ಸುತ್ತಲಿನ ಉಪ್ಪಿನಾಗರಗಳೂ ಹಿಂದೆ ಸರಿದ ಮೇಲೆ ನೆಲ ಕಿರಿದಾಗುತ್ತಾ ಹೋಗುತ್ತದೆ. ಒಂದು ಬದಿಗೆ ಕೊಲ್ಲಿ, ಇನ್ನೊಂದು ಬದಿಗೆ ಅಟ್ಲಾಂಟಿಕ್ ಸಾಗರ, ನಡುವೆ ಒಂದು ನಾಲಗೆಯಷ್ಟು ಮರಳುದಿಬ್ಬ. ಅದರ ತುದಿಯಲ್ಲಿ ಹಳೆಯ ನಗರ. ಪುಯೆರ್ತಾ ದೆ ತಿಯೆರಾ ಎಂಬ ಕೋಟೆಬಾಗಿಲು ಹೊಸ ಊರನ್ನೂ ಹಳೆಯ ಊರನ್ನೂ ಬೇರ್ಪಡಿಸುತ್ತದೆ. ಅದರಿಂದಾಚೆ ಯಾವ ಓಣಿ ಹಿಡಿದು ನಡೆದರೂ ಸ್ವಲ್ಪ ಹೊತ್ತಿನಲ್ಲೇ ನೀರಿನ ಅಂಚು ತಲುಪುತ್ತೇವೆ. ಒಂಟಿಯಾಗಿ ತಿರುಗುವವರಿಗೆ ಇದಕ್ಕಿಂತ ಅನುಕೂಲದ ಊರಿಲ್ಲ: ಇಲ್ಲಿ ದಾರಿ ತಪ್ಪಿದರೂ ಕಡಲು ಮತ್ತೆ ದಾರಿಗೆ ಹಚ್ಚುತ್ತದೆ.

ನನ್ನನ್ನು ಮೊದಲು ನಿಲ್ಲಿಸಿದ್ದು ಇಲ್ಲಿಯ ಗೋಡೆಗಳು. ಸುಣ್ಣದ ಗಾರೆ ಕಳಚಿದಲ್ಲೆಲ್ಲ ಒಳಗಿನ ಕಲ್ಲು ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಚಿಪ್ಪುಗಳು, ಸಿಂಪಿಯ ಚೂರುಗಳು, ಸಣ್ಣ ಉರುಟುಗಲ್ಲುಗಳು ಒತ್ತಾಗಿ ಬೆಸೆದುಕೊಂಡಿವೆ. ‘ಓಸ್ತಿಯೊನೇರಾ’ ಎಂದು ಕರೆಯುವ ಈ ಕಲ್ಲು ಕಡಲತಡಿಯಲ್ಲೇ ಹುಟ್ಟಿದ್ದು. ನಮ್ಮ ಕರಾವಳಿಯ ಮುರಕಲ್ಲಿನಂತೆ ಮೈತುಂಬ ರಂಧ್ರ, ಮುಟ್ಟಿದರೆ ಒರಟು. ಕೋಟೆ, ಇಗರ್ಜಿ, ವರ್ತಕರ ಮನೆ, ಎಲ್ಲಕ್ಕೂ ಇದೇ ಕಲ್ಲು. ಕಡಲು ಈ ಊರಿನವರಿಗೆ ಬರಿಯ ನೋಟವಲ್ಲ, ಕಟ್ಟಡದ ಸಾಮಗ್ರಿಯೂ ಹೌದು ಎಂಬುದು ಆ ಗೋಡೆಗಳ ಮೇಲೆ ಕೈಯಾಡಿಸಿದಾಗ ಮನವರಿಕೆಯಾಯಿತು. ಕೆಲವು ಬೀದಿಮೂಲೆಗಳಲ್ಲಿ ಹಳೆಯ ಫಿರಂಗಿಗಳನ್ನು ನೆಟ್ಟಗೆ ಹೂಳಿದ್ದಾರೆ. ತಿರುವಿನಲ್ಲಿ ಗಾಡಿಯ ಚಕ್ರ ಉಜ್ಜಿ ಮನೆಯ ಮೂಲೆ ಒಡೆಯದಿರಲೆಂದು ಮಾಡಿದ ಏರ್ಪಾಡು ಅದು.

ತಲೆಯೆತ್ತಿದರೆ ಮನೆಗಳ ಮೇಲೆ ಗೋಪುರಗಳು. ಸೆವಿಯಾದ ಗ್ವಾದಲ್ಕಿವಿರ್ ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಏರಿ ಬರುವುದು ಕಷ್ಟವಾದಾಗ, 1717ರಲ್ಲಿ ಅಮೆರಿಕ ಖಂಡದ ವ್ಯಾಪಾರವನ್ನು ನಿಯಂತ್ರಿಸುತ್ತಿದ್ದ ಸರ್ಕಾರಿ ಸಂಸ್ಥೆಯನ್ನು ಕಾದಿಸ್‌ಗೆ ವರ್ಗಾಯಿಸಲಾಯಿತು. ಅಲ್ಲಿಂದ ಮುಂದೆ ಬೆಳ್ಳಿ, ಕೋಕೋ, ತಂಬಾಕು ಹೊತ್ತ ಹಡಗುಗಳೆಲ್ಲ ಇಲ್ಲಿಗೇ ಬಂದವು. ತಮ್ಮ ಹಡಗು ದಿಗಂತದಲ್ಲಿ ಮೂಡುವುದನ್ನು ಮನೆಯ ಮಾಳಿಗೆಯಿಂದಲೇ ಕಾಣಬೇಕೆಂದು ವರ್ತಕರು ಗೋಪುರ ಕಟ್ಟಿಸಿದರು. ಒಂದು ಕಾಲಕ್ಕೆ 160ಕ್ಕೂ ಹೆಚ್ಚಿದ್ದ ಇವುಗಳಲ್ಲಿ ಇಂದಿಗೂ ನೂರಕ್ಕೂ ಹೆಚ್ಚು ಉಳಿದಿವೆ. ಸಮುದ್ರಮಟ್ಟದಿಂದ 45 ಮೀಟರ್ ಎತ್ತರದ ತೊರ್ರೆ ತವೀರಾ 1778ರಲ್ಲಿ ಬಂದರಿನ ಅಧಿಕೃತ ಕಾವಲು ಗೋಪುರವಾಯಿತು. ಮೊದಲ ಕಾವಲುಗಾರನ ಹೆಸರೇ ಅದಕ್ಕೆ ನಿಂತಿದೆ. ಈಗ ಅದರ ಕತ್ತಲೆ ಕೋಣೆಯಲ್ಲಿ ಕನ್ನಡಿ ಮತ್ತು ಮಸೂರಗಳ ಮೂಲಕ ಹೊರಗಿನ ನಗರದ ಸಜೀವ ಬಿಂಬವನ್ನು ಒಂದು ಬಿಳಿಯ ಹಲಗೆಯ ಮೇಲೆ ಮೂಡಿಸಿ ತೋರಿಸುತ್ತಾರೆ. ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಗಾಳಿಗೆ ಅಲುಗುತ್ತಿದ್ದದ್ದನ್ನು ಆ ಹಲಗೆಯ ಮೇಲೆ ಕಂಡೆ. ಬಳಿಕ ಛಾವಣಿಗೆ ಹತ್ತಿ ಬಹಳ ಹೊತ್ತು ನಿಂತೆ. ಈ ಗೋಪುರಗಳನ್ನು ಕಟ್ಟಿಸಿದ ಹಣದಲ್ಲಿ ಗುಲಾಮರ ವ್ಯಾಪಾರದ ಪಾಲೂ ಇತ್ತೆಂಬುದನ್ನು ಮರೆತು ಅವುಗಳ ಚೆಲುವನ್ನು ಮಾತ್ರ ಹೊಗಳುವುದು ನನಗೆ ಸರಿಯೆನಿಸುವುದಿಲ್ಲ.

ಅಮೆರಿಕದ ಬೆಳ್ಳಿ ಬರುವುದಕ್ಕೆ ಬಹಳ ಮೊದಲೇ ಈ ಊರು ಕಡಲನ್ನು ನಂಬಿ ಬದುಕಿತ್ತು. ಲೆಬನಾನಿನ ಕಡೆಯಿಂದ ಬಂದ ಫಿನೀಷಿಯನ್ ನಾವಿಕರು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದ ಶತಮಾನಗಳಲ್ಲೇ ಇಲ್ಲಿ ‘ಗಾದಿರ್’ ಎಂಬ ನೆಲೆ ಸ್ಥಾಪಿಸಿದ್ದರು. ಪ್ಲಾಸಾ ದೆ ಮಿನಾದ ವಸ್ತುಸಂಗ್ರಹಾಲಯದಲ್ಲಿ ಅವರ ಎರಡು ಅಮೃತಶಿಲೆಯ ಶವಪೆಟ್ಟಿಗೆಗಳನ್ನು ಅಕ್ಕಪಕ್ಕದಲ್ಲಿ ಇರಿಸಿದ್ದಾರೆ. ಗಡ್ಡದ ಪುರುಷನ ರೂಪದ್ದು 1887ರಲ್ಲಿ ಸಿಕ್ಕಿತು. ಅದಕ್ಕೆ ಜೋಡಿಯಾಗಿ ಸ್ತ್ರೀ ರೂಪದ ಪೆಟ್ಟಿಗೆಯೂ ಇರಲೇಬೇಕೆಂದು ಸಂಗ್ರಹಾಲಯದ ನಿರ್ದೇಶಕರಾಗಿದ್ದ ಪೆಲಾಯೋ ಕಿಂತೇರೋ ವರ್ಷಗಟ್ಟಲೆ ಅಗೆಸಿ ಹುಡುಕಿಸಿದರು, ಸಿಗಲಿಲ್ಲ. ಅವರು ತೀರಿಕೊಂಡು ದಶಕಗಳಾದ ಮೇಲೆ, 1980ರಲ್ಲಿ, ಅವರ ಮನೆಯಿದ್ದ ನಿವೇಶನದಲ್ಲೇ ಅದು ದೊರೆಯಿತು. ಆ ಸಭಾಂಗಣದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನೋಡಿದ್ದು ಆ ಮುಖಗಳನ್ನೇ. ಇನ್ನೊಂದೆಡೆ ಗಾದಿರ್‌ನ ನಾಣ್ಯಗಳಿವೆ: ಒಂದು ಮುಖದಲ್ಲಿ ಮೆಲ್ಕಾರ್ತ್ ದೇವರು, ಮತ್ತೊಂದರಲ್ಲಿ ಟ್ಯೂನಾ ಮೀನು.

ಅದೇ ಮೀನು, ಅಲ್ಲಿಂದ ಸ್ವಲ್ಪ ದೂರದ ಕೇಂದ್ರ ಮಾರುಕಟ್ಟೆಯಲ್ಲಿ, ಕಡುಕೆಂಪು ತುಂಡುಗಳಾಗಿ ಕಲ್ಲಿನ ಕಟ್ಟೆಯ ಮೇಲೆ ಮಾರಾಟಕ್ಕಿತ್ತು. ಪ್ರತಿ ವಸಂತದಲ್ಲಿ ಟ್ಯೂನಾ ಮೀನುಗಳು ಮೊಟ್ಟೆಯಿಡಲು ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಹೊರಟು ಈ ಕರಾವಳಿಯನ್ನು ಹಾದುಹೋಗುತ್ತವೆ. ಬರ್ಬಾತೆ, ಕೋನಿಲ್ ಮುಂತಾದ ಊರುಗಳವರು ಕಡಲಲ್ಲಿ ಬಲೆಗಳ ಚಕ್ರವ್ಯೂಹ ಹೂಡಿ ಅವನ್ನು ಹಿಡಿಯುತ್ತಾರೆ. ‘ಅಲ್ಮದ್ರಾಬಾ’ ಎಂಬ ಈ ವಿಧಾನ ಪ್ರಾಚೀನವಾದದ್ದು, ನಾನು ಹೋಗಿದ್ದ ಮೇ ತಿಂಗಳು ಅದರ ಹಂಗಾಮು. ಮಾರುಕಟ್ಟೆಯ ಅಂಚಿನ ಅಂಗಡಿಯಲ್ಲಿ ನಿಂತೇ ತಿಂದೆ. ಕಡಲೆಹಿಟ್ಟು ಗೋಧಿಹಿಟ್ಟು ಬೆರೆಸಿದ ತೆಳು ಹಿಟ್ಟಿಗೆ ಚಿಕ್ಕ ಸೀಗಡಿಗಳನ್ನು ಸಿಪ್ಪೆ ಸಮೇತ ಹಾಕಿ ಎಣ್ಣೆಯಲ್ಲಿ ಕರಿದ ತೆಳ್ಳನೆಯ ‘ತೊರ್ತಿಯೀತಾ’ ಅದು. ಅಂಚು ಗರಿಗರಿ, ನಡುವೆ ಕಡಲಿನ ಉಪ್ಪುರುಚಿ. ಒಬ್ಬರೇ ಬಂದವರಿಗೆ ರಾತ್ರಿಯೂಟದ ಮೇಜುಗಳಿಗಿಂತ ಇಂಥ ನಿಲ್ಲುವ ಕಟ್ಟೆಗಳೇ ಹಿತ. ಪಕ್ಕದವರು ತಾವಾಗಿ ಮಾತಾಡಿಸುತ್ತಾರೆ, ಯಾವುದನ್ನು ತಿನ್ನಬೇಕೆಂದು ಬೆರಳು ಮಾಡಿ ತೋರಿಸುತ್ತಾರೆ.

ನೆಪೋಲಿಯನ್ನನ ಸೇನೆ ಸ್ಪೇನನ್ನು ಆವರಿಸಿದ್ದಾಗ, 1810ರಿಂದ 1812ರವರೆಗೆ ಮುತ್ತಿಗೆಗೆ ಒಳಗಾಗಿಯೂ ಕಾದಿಸ್ ಬೀಳಲಿಲ್ಲ. ಕಡಲ ದಾರಿ ತೆರೆದಿದ್ದುದೇ ಅದಕ್ಕೆ ಕಾರಣ. ಆ ಮುತ್ತಿಗೆಯ ನಡುವೆಯೇ ಸಾನ್ ಫೆಲಿಪೆ ನೇರಿ ಎಂಬ ಅಂಡಾಕಾರದ ಪ್ರಾರ್ಥನಾ ಮಂದಿರದಲ್ಲಿ ಪ್ರತಿನಿಧಿಗಳು ಸೇರಿ, 1812ರ ಮಾರ್ಚ್ 19ರಂದು ಸಂವಿಧಾನವೊಂದನ್ನು ಘೋಷಿಸಿದರು. ಸಾರ್ವಭೌಮತ್ವ ರಾಜನದ್ದಲ್ಲ, ರಾಷ್ಟ್ರದ್ದು ಎಂದು ಅದು ಸಾರಿತು. ಆಫ್ರಿಕನ್ ಮೂಲದವರನ್ನು ಸಾಮಾನ್ಯವಾಗಿ ಪೌರತ್ವದಿಂದ ಹೊರಗಿಟ್ಟದ್ದೂ ಅದೇ ಸಂವಿಧಾನ. ರಾಜ ಏಳನೆಯ ಫೆರ್ನಾಂದೋ ಮರಳಿ ಬಂದು 1814ರಲ್ಲಿ ಅದನ್ನು ರದ್ದುಮಾಡಿದ. ಮಂದಿರದ ಹೊರಗೋಡೆಯ ತುಂಬ ಅಂದಿನ ಪ್ರತಿನಿಧಿಗಳ ಸ್ಮರಣಫಲಕಗಳಿವೆ.

ಮಹಾ ಇಗರ್ಜಿಯಲ್ಲಿ ಮಾತ್ರ ಕಡಲು ಕಟ್ಟುವುದನ್ನು ಬಿಟ್ಟು ಸವೆಸುತ್ತಿರುವುದು ಕಾಣುತ್ತದೆ. 1722ರಲ್ಲಿ ಆರಂಭವಾದ ಕಟ್ಟಡ 1838ರಲ್ಲಿ ಮುಗಿಯಿತು. ಅಷ್ಟರಲ್ಲಿ ಅಮೆರಿಕದ ಸಂಪತ್ತು ಬತ್ತಿತ್ತು. ಆದ್ದರಿಂದ ಮೇಲ್ಭಾಗದ ಕಲ್ಲು ಕೆಳಭಾಗದ್ದಕ್ಕಿಂತ ಅಗ್ಗದ್ದು, ಬಣ್ಣವೂ ಬೇರೆ. ಉಪ್ಪುಗಾಳಿಗೆ ಒಳಛಾವಣಿಯ ಕಲ್ಲು ಚಕ್ಕೆಚಕ್ಕೆಯಾಗಿ ಉದುರುವುದರಿಂದ ಭಕ್ತರ ತಲೆಯ ಮೇಲೆ ಬಲೆ ಕಟ್ಟಿದ್ದಾರೆ. ನೆಲದಡಿಯ ಕೋಣೆಯಲ್ಲಿ, ಇದೇ ಊರಿನಲ್ಲಿ 1876ರಲ್ಲಿ ಹುಟ್ಟಿ 1946ರಲ್ಲಿ ಅರ್ಜೆಂಟೀನಾದಲ್ಲಿ ಕಣ್ಮುಚ್ಚಿದ ಸಂಗೀತ ರಚನಕಾರ ಮಾನುಯೆಲ್ ದೆ ಫಾಯಾ ಅವರ ಸಮಾಧಿಯಿದೆ.

ಸಂಜೆಗಳನ್ನು ಲಾ ಕಲೇತಾ ಎಂಬ ಪುಟ್ಟ ಕಡಲತೀರದಲ್ಲಿ ಕಳೆದೆ. ಎರಡು ಕೋಟೆಗಳ ನಡುವಿನ ಆ ಮರಳಿಗೆ ಊರಿನವರು ಮಡಚುವ ಮೇಜು, ಕುರ್ಚಿ, ಅಡುಗೆಯ ಪಾತ್ರೆ ಸಮೇತ ಇಳಿಯುತ್ತಾರೆ; ಅಜ್ಜಿಯರು ವೃತ್ತವಾಗಿ ಕೂತು ಬಿಂಗೋ ಆಡುತ್ತಾರೆ. ಅದರ ಹಿಂದಿನ ಕೇರಿ ಲಾ ವಿನ್ಯಾ, ಮೀನುಗಾರರದು. 1755ರ ನವೆಂಬರ್ 1ರಂದು ಲಿಸ್ಬನ್ ಭೂಕಂಪದ ಅಲೆ ಬಂದಪ್ಪಳಿಸಿದಾಗ ಪಾಲ್ಮಾ ಮಾತೆ ಎಂದು ಇಲ್ಲಿ ಕರೆಯುವ ಮೇರಿಮಾತೆಯ ಧ್ವಜ ಹಿಡಿದು ಹೊರಟ ಮೇಲೆ ನೀರು ಹಿಂದೆ ಸರಿಯಿತೆಂಬುದು ಇಲ್ಲಿಯವರ ನಂಬಿಕೆ. ಪ್ರತಿವರ್ಷ ಅದೇ ದಿನ ಮೆರವಣಿಗೆ ನಡೆಯುತ್ತದೆ. ಸರ್ವಾಧಿಕಾರಿ ಫ್ರಾಂಕೋ ನಿಷೇಧಿಸಿದ್ದ ಇಲ್ಲಿಯ ಕಾರ್ನಿವಲ್, ಆಳುವವರನ್ನು ಹಾಡು ಕಟ್ಟಿ ಗೇಲಿಮಾಡುವ ತಂಡಗಳೊಂದಿಗೆ ಈಗ ಮತ್ತೆ ಫೆಬ್ರವರಿಯ ದೊಡ್ಡ ಹಬ್ಬ.

ಸುತ್ತ ನೀರಿರುವುದರಿಂದ ಈ ನಗರಕ್ಕೆ ಬೆಳೆಯಲು ಜಾಗವಿಲ್ಲ. ದಶಕಗಳಿಂದ ಜನಸಂಖ್ಯೆ ಇಳಿಯುತ್ತಲೇ ಇದೆ, ಕೆಲಸ ಸಿಗದ ತರುಣರು ಹೊರಡುತ್ತಾರೆ, ಇರುವ ಮನೆಗಳಲ್ಲೂ ಎಷ್ಟೋ ಪ್ರವಾಸಿಗರ ಬಾಡಿಗೆಗೆ ತಿರುಗುತ್ತಿವೆ. ಬೆಳಿಗ್ಗೆ ದೊಡ್ಡ ವಿಹಾರ ಹಡಗುಗಳಲ್ಲಿ ಬಂದು ಸಂಜೆ ಮರಳುವವರು ಕಾದಿಸ್‌ನ ಗುಮ್ಮಟವನ್ನಷ್ಟೇ ಕಾಣುತ್ತಾರೆ. ಅದರ ಜನರನ್ನು ಕಾಣಬೇಕಾದರೆ ಕೆಲವು ರಾತ್ರಿ ತಂಗಬೇಕು. ಅದೂ ಯಾರದೋ ಮನೆ ಖಾಲಿ ಮಾಡಿಸಿ ಮಾಡಿದ ಬಾಡಿಗೆ ಫ್ಲ್ಯಾಟಿನಲ್ಲಲ್ಲ, ಊರಿನವರೇ ನಡೆಸುವ ಹಳೆಯ ವಸತಿಗೃಹಗಳಲ್ಲಿ. ಅಂಥವು ಹಳೆಯ ನಗರದಲ್ಲಿ ಇನ್ನೂ ಇವೆ, ಒಬ್ಬರಿಗೆ ಸಾಲುವ ಕೋಣೆಗಳೂ ಅಲ್ಲಿ ಸಿಗುತ್ತವೆ.