ಫ್ಲೈಟ್ ಪ್ಲಾನ್ ತಾಳೆ ನೋಡುವ ಕೆಲಸ

24 ಜನವರಿ 2026, ಶನಿವಾರ

ಮೊನ್ನೆ ಗುರುವಾರ ಹೊಸ ಐರಾಕ್ ಸೈಕಲ್, ಅಂದರೆ ವಿಮಾನಯಾನದ ಮಾಹಿತಿಯ ಹೊಸ ಕಂತು, ಬಂತು. ಸಂಖ್ಯೆ 2601, ಅಂದರೆ 2026ರ ಮೊದಲನೆಯದು. ವಿಮಾನಗಳ ದಾರಿ, ವೇಪಾಯಿಂಟ್ (ದಾರಿಯಲ್ಲಿ ಗುರುತಿಸಿದ ಬಿಂದು), ರೇಡಿಯೊ ಬೀಕನ್, ರನ್‌ವೇ, ಎಲ್ಲದರ ಮಾಹಿತಿಯೂ ಜಗತ್ತಿನಾದ್ಯಂತ 28 ದಿನಕ್ಕೊಮ್ಮೆ, ಅದೂ ಗುರುವಾರವೇ, ಹೊಸದಾಗುತ್ತದೆ. ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ವಿಮಾನ ಹಾರಿಸುವ ನಮಗೂ ಅದೇ ಲೆಕ್ಕ. ಆ ವಾರ ಒಂದು ಪ್ರೋಗ್ರಾಂ ಹೊಸ ಡೇಟಾ ಹಾಕಿಕೊಂಡಿರುತ್ತದೆ, ಇನ್ನೊಂದು ಹಳೆಯದರಲ್ಲೇ ಉಳಿದಿರುತ್ತದೆ. ಹಾಗಾಗಿ ಇವತ್ತು ಸಂಜೆ ಹಾರುವ ಮೊದಲು ನಿಧಾನವಾಗಿ ಕೂತು ಪ್ಲಾನ್‌ಗಳನ್ನೆಲ್ಲ ತಾಳೆ ನೋಡಿದೆ. ಹಾರುವಷ್ಟೇ ಇಷ್ಟ ನನಗೆ ಈ ಕೆಲಸ.

ದಾರಿ ಐರ್ಲೆಂಡಿನ ಶಾನನ್‌ನಿಂದ ಕೆನಡಾದ ಗ್ಯಾಂಡರ್‌ಗೆ. ನೇರ ಲೆಕ್ಕದಲ್ಲಿ ಸುಮಾರು 1,700 ನಾಟಿಕಲ್ ಮೈಲು (ಮುಂದೆ ಮೈಲು ಅಂದದ್ದೆಲ್ಲ ಇದೇ), ಅದರಲ್ಲಿ ಬಹುಪಾಲು ಅಟ್ಲಾಂಟಿಕ್ ಸಾಗರದ ಮೇಲೆಯೇ. ಗೆಳೆಯನೊಬ್ಬ ಜೊತೆಗಿದ್ದಾನೆ. ಅವನದು ಎಕ್ಸ್‌ಪ್ಲೇನ್, ನನ್ನದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ವ್ಯಾಟ್‌ಸಿಮ್‌ನಲ್ಲಿ (ಹವ್ಯಾಸಿಗಳೇ ಪೈಲಟ್, ಕಂಟ್ರೋಲರ್ ಆಗಿ ಸೇರುವ ಆನ್‌ಲೈನ್ ಜಾಲ) ಒಂದರ ಹಿಂದೆ ಒಂದು ಹೊರಡುವುದು ಅಂತ ಮಾತಾಗಿದೆ.

ಈಗ ಒಂದೇ ದಾರಿ ಎಷ್ಟು ಕಡೆ ಕೂತಿದೆ ನೋಡಿ. ದಾರಿ, ಇಂಧನದ ಲೆಕ್ಕ ಎಲ್ಲ ಮಾಡಿದ್ದು ಸಿಮ್‌ಬ್ರೀಫ್ ಅನ್ನುವ ವೆಬ್‌ಸೈಟಿನಲ್ಲಿ. ಅಲ್ಲಿಂದ ವಿಮಾನದ ಎಫ್‌ಎಂಸಿಗೆ, ಅಂದರೆ ದಾರಿ ನಡೆಸುವ ಕಂಪ್ಯೂಟರಿಗೆ, ಹೋಗಬೇಕು. ಪಕ್ಕದ ಪರದೆಯಲ್ಲಿ ಲಿಟಲ್ ನ್ಯಾವ್‌ಮ್ಯಾಪ್ ನಕ್ಷೆ ತೋರಿಸುತ್ತಿರುತ್ತದೆ, ಅದಕ್ಕೂ ಪ್ಲಾನ್ ಬೇಕು. ಹವಾಮಾನದ ಆಡ್‌ಆನ್‌ಗೆ (ಸಿಮ್ಯುಲೇಟರ್‌ಗೆ ಬೇರೆಯಾಗಿ ಸೇರಿಸುವ ಪ್ರೋಗ್ರಾಂ) ಮೇಲಿನ ಗಾಳಿಯ ಲೆಕ್ಕಕ್ಕಾಗಿ ಬೇಕು. ವ್ಯಾಟ್‌ಸಿಮ್‌ಗೆ ಬೇರೆಯಾಗಿ ಫೈಲ್ ಮಾಡಬೇಕು. ಇವೆಲ್ಲದರ ಮೇಲೆ ಸಿಮ್ಯುಲೇಟರ್‌ಗೂ ತನ್ನದೇ ಒಂದು ಪ್ಲಾನ್ ಇರುತ್ತದೆ.

"ಫೈಲ್ ಒಂದೇ ಅಲ್ವಾ? ಎಲ್ಲ ಕಡೆ ಅದನ್ನೇ ಹಾಕಿದ್ರೆ ಮುಗೀತಲ್ಲ, ಇನ್ನೇನು ತಾಳೆ ನೋಡೋದು?" ಅಂತ ಗೆಳೆಯ ಕೇಳಿದ. ತುಂಬ ಜನರಿಗೆ ಬರುವ ಪ್ರಶ್ನೆ ಇದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ.

ಫೈಲ್‌ನಲ್ಲಿ ಪ್ರೋಗ್ರಾಂ ಮುಖ್ಯವಾಗಿ ಓದುವುದು ಹೆಸರುಗಳನ್ನು. ಆ ಹೆಸರು ಭೂಮಿಯ ಮೇಲೆ ಎಲ್ಲಿದೆ ಅನ್ನುವುದನ್ನು ಸಾಮಾನ್ಯವಾಗಿ ಪ್ರತಿ ಪ್ರೋಗ್ರಾಂ ತನ್ನದೇ ಡೇಟಾದಲ್ಲಿ ಹುಡುಕಿಕೊಳ್ಳುತ್ತದೆ. ನಾವು ಕೊಡುವುದು ಹೆಸರಿನ ಸಾಲು, ಅದು ಕಟ್ಟುವುದು ದಾರಿ. ಆದ್ದರಿಂದ ಫೈಲ್ ಒಂದೇ ಆಗಿದ್ದರೂ ದಾರಿ ಒಂದೇ ಅನ್ನುವ ಖಾತ್ರಿ ಇಲ್ಲ. ನನ್ನ ಪಿಎಲ್‌ಎನ್ ಫೈಲನ್ನು (ನನ್ನ ಸಿಮ್ಯುಲೇಟರ್ ಓದುವ ಪ್ಲಾನ್ ಫೈಲ್) ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ವೇಪಾಯಿಂಟ್‌ಗೂ ಹೆಸರು, ಅಕ್ಷಾಂಶ, ರೇಖಾಂಶ ಕಾಣುತ್ತದೆ. ಅಕ್ಷಾಂಶ ರೇಖಾಂಶ ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿರುತ್ತದೆ. ಗೆಳೆಯನ ಎಕ್ಸ್‌ಪ್ಲೇನ್ ಎಫ್‌ಎಂಎಸ್ ಫೈಲ್‌ನಲ್ಲಿ ಅದೇ ಸಂಗತಿ ದಶಮಾಂಶದಲ್ಲಿರುತ್ತದೆ, ಪಶ್ಚಿಮಕ್ಕೆ ಮೈನಸ್ ಚಿಹ್ನೆ. ಸಾಲಿನ ಮೊದಲಿಗೆ ಒಂದು ಅಂಕಿಯೂ ಇರುತ್ತದೆ: ವಿಮಾನ ನಿಲ್ದಾಣಕ್ಕೆ 1, ಎನ್‌ಡಿಬಿಗೆ 2, ವಿಒಆರ್‌ಗೆ 3 (ಎರಡೂ ರೇಡಿಯೊ ಬೀಕನ್‌ಗಳೇ), ಹೆಸರಿರುವ ಫಿಕ್ಸ್‌ಗೆ, ಅಂದರೆ ಬಿಂದುವಿಗೆ, 11, ಹೆಸರಿಲ್ಲದ ಬರೀ ಅಕ್ಷಾಂಶ ರೇಖಾಂಶಕ್ಕೆ 28. ಅದರ ಮೇಲ್ಭಾಗದಲ್ಲಿ ಸೈಕಲ್ ಸಂಖ್ಯೆ ಬರೆದಿರುತ್ತದೆ. ಅವನ ಫೈಲ್‌ನಲ್ಲಿ ಇದ್ದದ್ದು ಹಳೆಯ ಸೈಕಲ್. ಸಿಮ್‌ಬ್ರೀಫ್ ಪುಕ್ಕಟೆ ಖಾತೆಗೆ ಹಳೆಯ ಸೈಕಲ್ಲೇ ಸಿಗುತ್ತದೆ, ಹೊಸದು ಬೇಕಾದರೆ ನ್ಯಾವಿಗ್ರಾಫ್ ಅನ್ನುವ ಕಂಪನಿಯ ಚಂದಾ ಬೇಕು.

ಹೆಸರು ಸಿಗದೇ ಹೋದರೆ ಭಯವಿಲ್ಲ. ಡೇಟಾದಲ್ಲಿ ಇಲ್ಲ ಅಂತ ಎಫ್‌ಎಂಸಿಯೇ ಹೇಳುತ್ತದೆ, ಇಲ್ಲವೇ ಲೆಗ್ಸ್ ಪೇಜಿನಲ್ಲಿ (ಬಿಂದುವಿನಿಂದ ಬಿಂದುವಿಗೆ ಇರುವ ತುಂಡುಗಳ, ಅಂದರೆ ಲೆಗ್‌ಗಳ, ಪಟ್ಟಿ) ದಾರಿ ಕಡಿದು ನಿಲ್ಲುತ್ತದೆ. ಕಣ್ಣಿಗೆ ಬಿದ್ದದ್ದನ್ನು ಸರಿ ಮಾಡಬಹುದು. ಅದೇ ಹೆಸರಿನ ಬೇರೆ ಜಾಗ ಸಿಕ್ಕಿತೋ, ಆಗಲೇ ತೊಂದರೆ. ಪ್ರೋಗ್ರಾಂ ಸುಮ್ನೆ ಒಪ್ಪಿಕೊಂಡುಬಿಡುತ್ತದೆ.

ಇದು ಬರೀ ಸಿಮ್ಯುಲೇಟರಿನ ವಿಷಯ ಅಂದುಕೊಳ್ಳಬಾರದು. 1995ರ ಡಿಸೆಂಬರ್ 20ರಂದು ಅಮೆರಿಕನ್ ಏರ್‌ಲೈನ್ಸ್‌ನ 965ನೇ ವಿಮಾನ, ಬೋಯಿಂಗ್ 757, ಮಯಾಮಿಯಿಂದ ಕೊಲಂಬಿಯಾದ ಕಾಲಿಗೆ ಹೊರಟಿತ್ತು. ಇಳಿಯುವ ಹೊತ್ತಿಗೆ ರೋಸೋ ಅನ್ನುವ ಬೀಕನ್ ಕಡೆಗೆ ಹೋಗಬೇಕಿತ್ತು. ಚಾರ್ಟ್‌ನಲ್ಲಿ ಅದರ ಗುರುತು 'ಆರ್' ಅನ್ನುವ ಒಂದೇ ಅಕ್ಷರ. ಪೈಲಟ್‌ಗಳು ಅದನ್ನೇ ಒತ್ತಿದರು. ಆದರೆ ವಿಮಾನದ ಕಂಪ್ಯೂಟರಿನ ಡೇಟಾದಲ್ಲಿ 'ಆರ್' ಅಂದರೆ ಬೊಗೊಟಾ ಹತ್ತಿರದ ರೋಮಿಯೊ ಬೀಕನ್. ರೋಸೋ ಬೇಕಿದ್ದರೆ ಹೆಸರನ್ನು ಪೂರ್ತಿ ಒತ್ತಬೇಕಿತ್ತು. ವಿಮಾನ ಕತ್ತಲಲ್ಲಿ ಎಡಕ್ಕೆ ತಿರುಗಿತು. ಅದು ಗಮನಕ್ಕೆ ಬಂದು ಸರಿಪಡಿಸುವಷ್ಟರಲ್ಲಿ ಬೆಟ್ಟ ಎದುರಾಗಿತ್ತು. 163 ಜನರಲ್ಲಿ ಉಳಿದದ್ದು ನಾಲ್ವರು. ಆ ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಚಾರ್ಟ್‌ನಲ್ಲಿ ಒಂದು ಹೆಸರು, ಕಂಪ್ಯೂಟರಿನಲ್ಲಿ ಇನ್ನೊಂದು ಅನ್ನುವುದು ಎಲ್ಲಿಗೆ ಮುಟ್ಟಬಹುದು ಅಂತ ತಿಳಿದ ಮೇಲೆ ನಾನು ಯಾವ ಹೆಸರನ್ನೂ ಹಾಗೇ ನಂಬುವುದಿಲ್ಲ. ನಮ್ಮದು ಹವ್ಯಾಸವೇ ಇರಬಹುದು. ಅಭ್ಯಾಸ ಮಾತ್ರ ಸರಿಯಾದದ್ದೇ ಇರಲಿ.

ಇವತ್ತಿನ ದಾರಿಯಲ್ಲಿ ಹೆಸರಿನ ಗೊಂದಲ ಇನ್ನೊಂದು ರೂಪದಲ್ಲಿದೆ. ಶಾನನ್ ಬಿಟ್ಟ ಮೇಲೆ ಮ್ಯಾಲಟ್ ಅನ್ನುವ ಫಿಕ್ಸ್. ಅದು 53 ಉತ್ತರ, 15 ಪಶ್ಚಿಮದಲ್ಲಿದೆ. ಅಲ್ಲಿಂದ ಮುಂದೆ ನಾವು ಹಾಕಿಕೊಂಡ ದಾರಿಯಲ್ಲಿ ಹೆಸರುಗಳೇ ಇಲ್ಲ, ಹತ್ತು ಡಿಗ್ರಿ ರೇಖಾಂಶಕ್ಕೊಂದು ಬಿಂದು. 53 ಉತ್ತರ 20 ಪಶ್ಚಿಮ, 53 ಉತ್ತರ 30 ಪಶ್ಚಿಮ, 52 ಉತ್ತರ 40 ಪಶ್ಚಿಮ, 51 ಉತ್ತರ 50 ಪಶ್ಚಿಮ. ಇದನ್ನು ಬರೆಯುವ ರೀತಿ ಒಂದೊಂದು ಕಡೆ ಒಂದೊಂದು. ವ್ಯಾಟ್‌ಸಿಮ್‌ಗೆ ಫೈಲ್ ಮಾಡುವ ಪ್ಲಾನ್‌ನಲ್ಲಿ ಮೂರನೆಯದು '52ಎನ್040ಡಬ್ಲ್ಯೂ'. ಎಫ್‌ಎಂಸಿಯ ಡೇಟಾದಲ್ಲಿ ಅದೇ ಬಿಂದು '5240ಎನ್'. ಈ ಎನ್ ಅಕ್ಷರ ಕೊನೆಯಲ್ಲೇ ಇರಬೇಕು. ಅದನ್ನು ಮುಂದಕ್ಕೆ ತಂದು 'ಎನ್5240' ಅಂತ ಬರೆದರೆ ಅರ್ಥವೇ ಬೇರೆ: 52 ಡಿಗ್ರಿ 30 ನಿಮಿಷ ಉತ್ತರ, 40 ಪಶ್ಚಿಮ. ಒಂದು ಅಕ್ಷರ ಜಾಗ ಬದಲಿಸಿದ್ದಕ್ಕೆ ಬಿಂದು 30 ಮೈಲು ಉತ್ತರಕ್ಕೆ ಹೋಯಿತು. ನಿಜವಾದ ಹಾರಾಟದಲ್ಲೂ ಇದು ಗೊಂದಲ ಮಾಡಿದೆ. ಅದಕ್ಕಾಗಿಯೇ ಅರ್ಧ ಡಿಗ್ರಿಯ ಬಿಂದುಗಳಿಗೆ ಎಚ್ ಅಕ್ಷರದಿಂದ ಶುರುವಾಗುವ ಹೆಸರಿಡುವ ಪದ್ಧತಿಯೂ ಬಂದಿದೆ.

ಇಂಥ ವ್ಯತ್ಯಾಸ ತಾಳೆ ನೋಡುವಾಗ ಹೇಗೆ ಕಾಣುತ್ತದೆ ಅಂತ ಗೆಳೆಯನಿಗೆ ತೋರಿಸಬೇಕಿತ್ತು. ನ್ಯಾವ್‌ಮ್ಯಾಪ್‌ನಲ್ಲಿ ಪ್ಲಾನಿನ ಇನ್ನೊಂದು ಪ್ರತಿ ಮಾಡಿ, ಆ ಒಂದು ಬಿಂದುವನ್ನು ಬೇಕಂತಲೇ ಅರ್ಧ ಡಿಗ್ರಿ ಮೇಲಕ್ಕೆ ಸರಿಸಿದೆ. ಆಮೇಲೆ ಎರಡರ ಒಟ್ಟು ದೂರ ನೋಡಲು ಹೇಳಿದೆ. 1,700 ಮೈಲಿಯ ದಾರಿಯಲ್ಲಿ ವ್ಯತ್ಯಾಸ ಎರಡು ಮೈಲಿಯಷ್ಟೂ ಇಲ್ಲ!

ಕಾರಣ ಸರಳ. 30 ಪಶ್ಚಿಮದಿಂದ 40 ಪಶ್ಚಿಮಕ್ಕೆ ಸರಿಯಾದ ದೂರ 370 ಮೈಲು, ತಪ್ಪು ಬಿಂದುವಿಗೆ 364. ಅಲ್ಲಿ ಆರು ಮೈಲು ಕಡಿಮೆಯಾಯಿತು. ಮುಂದಿನ ಲೆಗ್‌ನಲ್ಲಿ 378ರ ಬದಲು 382, ಅಂದರೆ ನಾಲ್ಕು ಮೈಲು ಜಾಸ್ತಿ. ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ತುಂಬ ಜನ ತಾಳೆ ನೋಡುವುದು ಅಂದರೆ ಎಫ್‌ಎಂಸಿಯ ಒಟ್ಟು ದೂರವನ್ನೂ ಸಿಮ್‌ಬ್ರೀಫ್‌ನ ಒಟ್ಟು ದೂರವನ್ನೂ ಹೋಲಿಸುವುದು ಅಂದುಕೊಂಡಿರುತ್ತಾರೆ. ಈ ದಾರಿಯಲ್ಲಿ ಅದು ಸಾಲದು. ದಿಕ್ಕು ನೋಡಿದರೆ ಮಾತ್ರ ಎದ್ದು ಕಾಣುತ್ತದೆ: ಆ ಲೆಗ್ ಶುರುವಾಗುವಲ್ಲಿ ಇರಬೇಕಾದ ದಿಕ್ಕು ಸುಮಾರು 265 ಡಿಗ್ರಿ, ತಪ್ಪು ಪ್ರತಿಯಲ್ಲಿ 269. ಸಾಗರ ದಾಟುವ ಪೈಲಟ್‌ಗಳು ಪ್ರತಿ ಲೆಗ್‌ನ ದಿಕ್ಕನ್ನೂ ದೂರವನ್ನೂ ಬೇರೆಬೇರೆಯಾಗಿ ನೋಡಿ, ಬಿಂದುವಿನ ಪೂರ್ತಿ ಅಕ್ಷಾಂಶ ರೇಖಾಂಶವನ್ನು ಪರದೆಯ ಮೇಲೆ ತೆರೆದು ಓದುವುದು ಇದಕ್ಕೇ. ಸಂಖ್ಯೆಗಳು ಕಣ್ಣೆದುರು ಬಂದಾಗ ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ಮೊದಲಿಂದ ನೋಡೋಣ ಬಾ" ಅಂದ. ಅವನು ತನ್ನ ಎಫ್‌ಎಂಸಿಯಿಂದ ಓದುತ್ತಾ ಹೋದ, ನಾನು ಸಿಮ್‌ಬ್ರೀಫ್ ಕಾಗದದ ಮೇಲೆ ಬೆರಳಿಟ್ಟುಕೊಂಡು ಕೂತೆ. ಇಬ್ಬರು ಸೇರಿ ನೋಡುವುದು ಒಬ್ಬರೇ ನೋಡುವುದಕ್ಕಿಂತ ಎಷ್ಟೋ ವಾಸಿ.

ದಿಕ್ಕು ಹೋಲಿಸುವಾಗ ಒಂದು ಎಚ್ಚರ ಬೇಕು. ಕೆಲವು ಪ್ರೋಗ್ರಾಂ ಮ್ಯಾಗ್ನೆಟಿಕ್ ದಿಕ್ಕು ತೋರಿಸುತ್ತವೆ, ಕೆಲವು ನಿಜ ಉತ್ತರದಿಂದ ಅಳೆದದ್ದನ್ನು. ಗ್ಯಾಂಡರ್ ಹತ್ತಿರ ಇವೆರಡಕ್ಕೂ 15 ಡಿಗ್ರಿಗಿಂತ ಹೆಚ್ಚಿನ ಅಂತರವಿದೆ. ಎರಡೂ ಕಡೆ ನಿಜ ಉತ್ತರದ ಲೆಕ್ಕವನ್ನೇ ಇಟ್ಟುಕೊಂಡು ನೋಡಬೇಕು, ಇಲ್ಲದಿದ್ದರೆ ಇಲ್ಲದ ತಪ್ಪೇ ಕಾಣುತ್ತದೆ.

ಇನ್ನು ಸೈಕಲ್ ವಿಷಯ. ಹೊಸದೇ ಬೇಕು ಅಂತ ಹಟ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ನಕ್ಷೆ, ಎಫ್‌ಎಂಸಿ, ಪ್ಲಾನ್ ಮಾಡುವ ಪ್ರೋಗ್ರಾಂ ಮೂರೂ ಒಂದೇ ಹಳೆಯ ಸೈಕಲ್‌ನಲ್ಲಿದ್ದರೆ ಚೆನ್ನಾಗಿಯೇ ಹಾರಬಹುದು. ಒಂದು ಹೊಸದು, ಎರಡು ಹಳೆಯದು ಆದರೆ ಪ್ರತಿ ಸಲ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಆನ್‌ಲೈನ್ ಹಾರಾಟದಲ್ಲಿ ಮಾತ್ರ ಕಂಟ್ರೋಲರ್ ಹೇಳುವ ಹೆಸರು ನಮ್ಮಲ್ಲಿ ಇರಬೇಕಲ್ವಾ, ಅಲ್ಲಿ ಹೊಸದಕ್ಕೆ ಬೆಲೆ ಇದೆ.

ಎಷ್ಟೇ ಹೊಸ ಡೇಟಾ ಹಾಕಿದರೂ ಸಿಮ್ಯುಲೇಟರಿನ ನೆಲ ತಾನಾಗಿ ಬದಲಾಗುವುದಿಲ್ಲ. ಭೂಮಿಯ ಮ್ಯಾಗ್ನೆಟಿಕ್ ಉತ್ತರ ಸರಿಯುತ್ತಾ ಇರುವುದರಿಂದ, ಆ ದಿಕ್ಕಿನ ಲೆಕ್ಕದಲ್ಲೇ ಇಡುವ ರನ್‌ವೇಗಳ ಸಂಖ್ಯೆಯೂ ಆಗಾಗ ಬದಲಾಗುತ್ತದೆ. ಲಂಡನ್ನಿನ ಸ್ಟಾನ್‌ಸ್ಟೆಡ್‌ನಲ್ಲಿ 05-23 ಇದ್ದ ರನ್‌ವೇ 2009ರಲ್ಲಿ 04-22 ಆಯಿತು. ಜಿನೀವಾದ್ದೂ ಅದೇ ಸಂಖ್ಯೆಯಿಂದ ಅದೇ ಸಂಖ್ಯೆಗೆ, 2018ರಲ್ಲಿ. ಹಳೆಯ ಸೀನರಿಯಲ್ಲಿ (ಸಿಮ್ಯುಲೇಟರ್ ತೋರಿಸುವ ನೆಲ, ನಿಲ್ದಾಣ) ಇನ್ನೂ 05 ಅಂತಲೇ ಬರೆದಿರುತ್ತದೆ. ಎಫ್‌ಎಂಸಿ 04 ಅನ್ನುತ್ತದೆ. ಸಿಮ್ಯುಲೇಟರ್ ತನ್ನಲ್ಲಿ 04 ಇಲ್ಲ ಅಂತ ಹೊರಡುವ ದಾರಿಯನ್ನೇ ಬಿಟ್ಟುಬಿಡಬಹುದು. ಇಂಥ ಕಡೆ ಸಂಖ್ಯೆ ಬಿಟ್ಟು ರನ್‌ವೇ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅಂತ ನೋಡಬೇಕು.

ಸಿಡ್ (ನಿಲ್ದಾಣದಿಂದ ಹೊರಡುವ ನಿಗದಿತ ದಾರಿ), ಸ್ಟಾರ್ (ಇಳಿಯಲು ಬರುವ ನಿಗದಿತ ದಾರಿ) ಎರಡನ್ನೂ ನಾನು ತಾಳೆಯ ಪಟ್ಟಿಗೇ ಸೇರಿಸುವುದಿಲ್ಲ. ಅವುಗಳ ಹೆಸರಿನಲ್ಲಿರುವ ಅಂಕಿ ಪ್ರತಿ ಬದಲಾವಣೆಗೂ ಒಂದು ಮುಂದಕ್ಕೆ ಹೋಗುತ್ತದೆ, 9 ಆದ ಮೇಲೆ ಮತ್ತೆ 1. ಹಳೆಯ ಪ್ಲಾನ್ ಹೊಸ ಡೇಟಾದಲ್ಲಿ ಮೊದಲು ಮುರಿಯುವುದೇ ಅಲ್ಲಿ. ಅದೂ ಅಲ್ಲದೆ ಯಾವ ರನ್‌ವೇ ಸಿಗುತ್ತದೆ ಅನ್ನುವುದು ಗಾಳಿಯ ಮೇಲೆ, ಕಂಟ್ರೋಲರ್ ಮಾತಿನ ಮೇಲೆ ನಿಂತಿದೆ. ನಡುವಿನ ದಾರಿಯನ್ನು ಎಲ್ಲ ಕಡೆ ಒಂದೇ ಮಾಡಿಕೊಂಡು, ಎರಡು ತುದಿಗಳನ್ನು ಕಂಟ್ರೋಲರ್ ಅನುಮತಿ (ಕ್ಲಿಯರೆನ್ಸ್) ಬಂದ ಮೇಲೆ ಕೈಯಿಂದಲೇ ಎಫ್‌ಎಂಸಿಗೆ ಹಾಕುತ್ತೇನೆ.

ಸಿಮ್ಯುಲೇಟರಿನದೇ ಪ್ಲಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತನ್ನದೇ ಎಫ್‌ಎಂಸಿ ಇರುವ ಆಡ್‌ಆನ್ ವಿಮಾನಗಳು ಅದನ್ನು ನೋಡದೆಯೂ ಹಾರುತ್ತವೆ. ಕೆಲವು ವಿಮಾನಗಳಲ್ಲಿ ಆ ಪ್ಲಾನನ್ನು ಒಳಗೆ ತರಬೇಕೋ ಬೇಡವೋ ಅನ್ನುವ ಆಯ್ಕೆಯೇ ಇದೆ. ವ್ಯಾಟ್‌ಸಿಮ್‌ನಲ್ಲಿ ಹಾರುವಾಗ ಸಿಮ್ಯುಲೇಟರಿನ ಕಂಟ್ರೋಲರ್ ಬೇಕಿಲ್ಲ, ಹಾಗಾಗಿ ಅದನ್ನು ಖಾಲಿ ಬಿಟ್ಟೆ. ಒಂದು ಪ್ರತಿ ಕಡಿಮೆಯಾದರೆ ಒಂದು ತಾಳೆ ಕಡಿಮೆ. ತೂಕ, ಇಂಧನ ಎರಡೂ ಕಿಲೋದಲ್ಲೇ ಇವೆ ಅಂತ ನೋಡಿಕೊಂಡೆವು. ಎತ್ತರ ಎಲ್ಲ ಕಡೆ 36,000 ಅಡಿ.

ಫೋಲ್ಡರ್ ಕೂಡ ಒಮ್ಮೆ ನೋಡಬೇಕು. ಹಿಂದೆ ಇದೇ ದಾರಿಯಲ್ಲಿ ಹಾರಿದ್ದರೆ ಹಳೆಯ ಫೈಲ್ ಅದೇ ಹೆಸರಿನಲ್ಲಿ ಅಲ್ಲೇ ಇರುತ್ತದೆ. ಸಿಮ್‌ಬ್ರೀಫ್ ಡೌನ್‌ಲೋಡರ್ ಹೊಸದನ್ನು ಸರಿಯಾದ ಫೋಲ್ಡರ್‌ಗೆ ಹಾಕಿತೇ ಅನ್ನುವುದಕ್ಕೆ ಫೈಲಿನ ತಾರೀಖು, ಸಮಯವೇ ಸಾಕ್ಷಿ. ನಾನು ಹಳೆಯವನ್ನು ಅಳಿಸಿಬಿಡುತ್ತೇನೆ.

ರಾತ್ರಿ ಸೇರಿಸಿದ್ದು: ಹೊರಡುವ ಮುಂಚೆ ಗೆಳೆಯ ಇನ್ನೊಂದು ಒಳ್ಳೆಯ ಪ್ರಶ್ನೆ ಕೇಳಿದ. ನಡುದಾರಿಯಲ್ಲಿ ಕಂಟ್ರೋಲರ್ ದಾರಿ ಬದಲಿಸಿದರೆ ಎಲ್ಲವನ್ನೂ ಮತ್ತೆ ತಿದ್ದಬೇಕಾ? ಬೇಡ. ಮೊದಲು ಎಫ್‌ಎಂಸಿ, ಯಾಕೆಂದರೆ ವಿಮಾನ ನಡೆಸುವುದು ಅದು. ಬಿಡುವಾದಾಗ ನಕ್ಷೆ. ಆನ್‌ಲೈನ್ ಪ್ಲಾನನ್ನು ಕಂಟ್ರೋಲರೇ ತಿದ್ದಿಕೊಳ್ಳುತ್ತಾರೆ. ಬದಲಾದ ಬಿಂದುವಿನ ಹಿಂದಿನ ಒಂದು ಲೆಗ್, ಮುಂದಿನ ಒಂದು ಲೆಗ್, ಈ ಎರಡರ ದಿಕ್ಕನ್ನೂ ದೂರವನ್ನೂ ಹೊಸದಾಗಿ ಓದಿಕೊಂಡರೆ ಸಾಕು.