ಆ ಸೋಮವಾರದ ಸ್ಕ್ರೀನ್‌ಶಾಟ್

ಹಳೆಯ ಫೋನಿನಲ್ಲಿ ಫೋಟೊ ಅಳಿಸುತ್ತಿದ್ದಾಗ 2020ರ ಮಾರ್ಚ್ 23ರ ಒಂದು ಸ್ಕ್ರೀನ್‌ಶಾಟ್ ಸಿಕ್ಕಿತು. ಪರದೆ ತುಂಬ ಕೆಂಪು. ಅವತ್ತು ಬೆಳಿಗ್ಗೆ ಷೇರು ಮಾರುಕಟ್ಟೆ ಶೇ 10ರಷ್ಟು ಬಿದ್ದು, ವಹಿವಾಟನ್ನೇ 45 ನಿಮಿಷ ನಿಲ್ಲಿಸಿದ್ದರು. ದಿನದ ಕೊನೆಗೆ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 3,935 ಅಂಶ ಕಳೆದುಕೊಂಡು 26,000ಕ್ಕಿಂತ ಕೆಳಗಿತ್ತು.

ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ "ನಾನು ಎಲ್ಲಾ ಮಾರಿಬಿಟ್ಟೆ ಕಣ್ರೋ" ಅಂತ ಬರೆದ. ಹತ್ತು ನಿಮಿಷಕ್ಕೆ ಇನ್ನೊಬ್ಬ ಮಾರಿದ. ಆಮೇಲೆ ಮತ್ತಿಬ್ಬರು. ಯಾರೂ ಕಂಪನಿಯ ಲೆಕ್ಕ ತೆಗೆದು ನೋಡಲಿಲ್ಲ. ಒಬ್ಬರು ಇನ್ನೊಬ್ಬರನ್ನು ನೋಡಿದೆವು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ನಾನೂ ಅರ್ಧ ಮಾರಿದ್ದೆ.

ಆ ವರ್ಷ ಮುಗಿಯುವಾಗ ಸೆನ್ಸೆಕ್ಸ್ 47,000 ದಾಟಿತ್ತು. ಆಗ ಅದೇ ಗುಂಪಿನಲ್ಲಿ ಎಲ್ಲರದ್ದೂ ಕೊಳ್ಳುವ ಮಾತು.

ಇದನ್ನು ಸುಮ್ನೆ ಕುರಿಮಂದೆ ಅಂತ ಬೈದುಬಿಡಲು ನನಗೆ ಮನಸ್ಸಿಲ್ಲ. ಮರುದಿನ ರಾತ್ರಿಯಿಂದ ಇಡೀ ದೇಶವೇ ಬಾಗಿಲು ಹಾಕಿತು. ಮುಂದಿನ ತಿಂಗಳು ಸಂಬಳ ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಮುಂದಿನ ಕುರಿ ಓಡಿದರೆ, ಅದಕ್ಕೆ ತೋಳ ಕಂಡಿರಬೇಕು ಅಂತ ಹಿಂದಿನದಕ್ಕೆ ಅನ್ನಿಸುತ್ತದೆ, ಅಲ್ವಾ? ಅವನಿಗೇನೋ ಗೊತ್ತಿದೆ, ನನಗೆ ಗೊತ್ತಿಲ್ಲ ಅನ್ನುವ ಭಯ ಬಹಳ ದೊಡ್ಡದು.

ಮೊದಲು ಮಾರಿದ ಗೆಳೆಯ ಹೋದ ವಾರ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಾ ಕೇಳಿದೆ, ಅವತ್ತು ಯಾಕೆ ಮಾರಿದೆ ಅಂತ. ಮಾರುಕಟ್ಟೆಯ ಬಗ್ಗೆ ಅವನು ಏನೂ ಯೋಚಿಸಿರಲಿಲ್ಲವಂತೆ. ಅಮ್ಮನ ಆಪರೇಷನ್‌ಗೆ ದುಡ್ಡು ಬೇಕಿತ್ತಂತೆ.